ಅಪ್ಪನ ಗುಲಾಬಿಯ ಗಂಟು

ಗುಲಾಬಿಯ ಬುಡದಲ್ಲಿ, ಮಣ್ಣಿನಿಂದ ಎರಡು ಬೆರಳು ಮೇಲೆ, ಯಾವುದೋ ರಾಕ್ಷಸ ತನ್ನ ಜೀವವನ್ನು ಬಚ್ಚಿಟ್ಟು ಹೋದಂತೆ ಒಂದು ಗಂಟು ಕೂತಿತ್ತು. ನಿಂಬೆಹಣ್ಣಿನಷ್ಟು ದಪ್ಪ, ಮೈಯೆಲ್ಲ ಒರಟು. ಕಂಡೊಡನೆ, ಊರಿಗೆ ಬಂದಿದ್ದ ಮಗಳು ಅದರ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ನೋಡಿದ್ಯಾ, ಈ ವಯಸ್ಸಲ್ಲಿ ಗಿಡ ಬಸುರಿ!" ಅಮ್ಮ ನೀರಿನ ಪೈಪು ಹಿಡಿದು ನಗುತ್ತಿದ್ದಳು. "ನೀನೇ ಡಾಕ್ಟ್ರು, ನಾಡಿ ಹಿಡಿದು ನೋಡು."

ಮಗಳು ಡಾಕ್ಟರೇ, ಗಿಡಗಳಿಗೆ. ಪೇಟೆಯ ಸಸ್ಯ ಚಿಕಿತ್ಸಾಲಯದಲ್ಲಿ ಜನ ತಂದ ರೋಗದ ಕಾಂಡಗಳನ್ನು ಸೀಳಿ ನೋಡುವುದೇ ಅವಳ ಕೆಲಸ. ಒಂದನ್ನು ಸೀಳಿದ ಚಾಕುವನ್ನು ಸ್ಪಿರಿಟ್ಟಿನಲ್ಲಿ ಅದ್ದದೆ ಇನ್ನೊಂದಕ್ಕೆ ತಾಗಿಸುವಂತಿಲ್ಲ, ರೋಗ ಅಂಟುತ್ತದೆ. ಆದರೆ ಹಿಂದಿನ ಸಲ ಊರಿಗೆ ಹೊರಟಾಗ, ಬಸ್ಸು ತಪ್ಪೀತೆಂಬ ಅವಸರದಲ್ಲಿ, ಚಾಕುವನ್ನು ಹಾಗೇ ಚೀಲಕ್ಕೆ ತುರುಕಿದ್ದಳು. ಅದರಲ್ಲೇ ಈ ಗಿಡದ ಬುಡದಲ್ಲಿ ಎದ್ದ ಬೇಡದ ಕಾಡುಚಿಗುರು ಸವರಿದ್ದಳು. ಗಂಟು ಎದ್ದಿದ್ದು ಸರಿಯಾಗಿ ಆ ಗಾಯದ ಮೇಲೆ.

ಈ ಗಿಡಕ್ಕೆ ಕಸಿ ಕಟ್ಟಿದ್ದು ಅಪ್ಪ. ಒಂದೇ ಬುಡಕ್ಕೆ ಕೆಂಪು, ಹಳದಿ ಎರಡೂ. ಅಪ್ಪ ಹೋದ ಮೇಲೆ ಅಮ್ಮ ಮಾತಾಡುವುದು ಹೆಚ್ಚಾಗಿ ಇದರ ಜೊತೆಗೇ.

ಹುಳ ಕಟ್ಟಿದ ಗಂಟಾದರೆ ಒಳಗೆ ಪುಟ್ಟ ಕೋಣೆ ಇರುತ್ತದೆ, ಬಿಳಿ ಮರಿ ಮಲಗಿರುತ್ತದೆ. ಕತ್ತರಿಸಿ ಎಸೆದರೆ ಮುಗಿಯಿತು. ಗಂಟುರೋಗವಾದರೆ ಗಿಡವನ್ನೇ ಬೇರುಸಮೇತ ಕಿತ್ತು ಸುಡಬೇಕು. ಹುಳವೇ ಇರಲಪ್ಪಾ, ಎಂದುಕೊಳ್ಳುತ್ತ ಮಗಳು ಚೀಲದಿಂದ ಅದೇ ಚಾಕು ತೆಗೆದು ಗಂಟಿಗೆ ಒತ್ತಿದಳು.

ಕೋಣೆಯಿಲ್ಲ. ಮರಿಯಿಲ್ಲ. ದಿಕ್ಕುದೆಸೆಯಿಲ್ಲದೆ ಬೆಳೆದ ಬೆಂಡಿನಂಥ ತಿರುಳು, ಅಷ್ಟೇ. ಗಂಟುರೋಗವೇ.

"ಏನಂತೆ?"

"ಏನಿಲ್ಲಮ್ಮ. ಹುಳದ ಮನೆ." ನಾಲಿಗೆ ತಾನಾಗಿಯೇ ಹೊರಳಿತ್ತು.

"ಅಷ್ಟಕ್ಕೇ ಹೀಗೆ ಬೆವರ್ತೀಯಾ? ನಿಮ್ಮಪ್ಪನೂ ಹಿಂಗೇ, ಹುಳ ಅಂದ್ರೆ ಮಾರು ದೂರ." ಅಮ್ಮ ಪೈಪು ಕೆಳಗಿಟ್ಟು, ಮಗಳ ಕೈಯಿಂದ ಚಾಕು ತೆಗೆದುಕೊಂಡು ಪಕ್ಕದ ಬಿಳಿ ಗುಲಾಬಿಯತ್ತ ತಿರುಗಿದಳು. "ತಾಳು, ಒಂದು ಹೂ ಕೊಯ್ದು ಕೊಡ್ತೀನಿ. ನಿನ್ನ ಮೇಜಿನ ಮೇಲೆ ಇಟ್ಕೊ."

ಆ ಸಾಲಿನಲ್ಲಿ ಇನ್ನೂ ಎಷ್ಟು ಗಿಡಗಳು! ಚಾಕುವಿನ ಅಲಗು ಹಸಿರು ಕಾಂಡಕ್ಕೆ ತಾಗುವುದರಲ್ಲಿತ್ತು.

"ಅಮ್ಮಾ, ಮುಟ್ಬೇಡ!"

ಅಮ್ಮನ ಕೈ ಅಲ್ಲೇ ನಿಂತಿತು. ಚಾಕುವನ್ನು ನೋಡಿದಳು, ಮಗಳ ಮುಖವನ್ನು ನೋಡಿದಳು.

"ಹುಳ ಅಲ್ಲ," ಅಂದಳು ಅಮ್ಮ.

"ಅಲ್ಲ."

"ಕೀಳಬೇಕಾ?"

ಮಗಳು ಹೌದೆಂದು ತಲೆಯಾಡಿಸಿದಳು.

"ಎಲ್ಲಿಂದ ಬಂತೇ ಇದು, ಇಷ್ಟು ವರ್ಷ ಇಲ್ಲದ್ದು?"

"ಆ ಚಾಕುವಿಂದ. ನಾನೇ ಅಮ್ಮಾ... ತೊಳೀದೆ ತಂದಿದ್ದೆ."

ಅಮ್ಮ ಚಾಕುವನ್ನು ಕಲ್ಲಿನ ಮೇಲೆ ಮೆಲ್ಲಗೆ ಇಟ್ಟಳು. ಕೈಯನ್ನು ಸೆರಗಿಗೆ ಒರೆಸಿಕೊಳ್ಳಲು ಹೋಗಿ, ಒರೆಸದೆ, ಹಾಗೇ ಗಾಳಿಯಲ್ಲಿ ಹಿಡಿದುಕೊಂಡಳು.

"ಗುದ್ದಲಿ ತಾ," ಅಂದಳು.

ಬೈದಿದ್ದರೆ ಮಗಳ ಜೀವ ಹಗುರಾಗುತ್ತಿತ್ತು. ಅಮ್ಮ ಬೈಯಲಿಲ್ಲ. ಅವಳ ಕಡೆ ತಿರುಗಿಯೂ ನೋಡಲಿಲ್ಲ.