ಅಕ್ಕನ ಉಗುರುಬೆಚ್ಚಗಿನ ನೀರು

ಕಥೆಗಳಲ್ಲಿ ರಾಕ್ಷಸನ ಪ್ರಾಣ ಏಳು ಕಡಲಾಚೆಯ ಗಿಳಿಯೊಳಗಿರುತ್ತದೆ. ಲಾಂಡ್ರಿ ನಡೆಸುವ ಅಕ್ಕನ ಪ್ರಾಣ ಅಷ್ಟು ದೂರ ಹೋಗಿರಲಿಲ್ಲ. ಇಸ್ತ್ರಿ ಮೇಜಿನ ಕೆಳಗೆ, ಹಳೆಯ ದಿಂಬಿನ ಮೇಲೆ ಸುರುಳಿ ಸುತ್ತಿಕೊಂಡು ಮಲಗಿತ್ತು. ತಿಂಗಳ ಹಿಂದೆ ಮೈಲಿಗೆ ಬಟ್ಟೆಯ ಬುಟ್ಟಿಯ ಹಿಂದೆ ಸಿಕ್ಕಿದ ಬಿಳಿ ನಾಯಿಮರಿ. ಅರಳೆ ಎಂದು ಹೆಸರಿಟ್ಟವಳು ಅವಳು, ಬೆರಳಿಗೆ ಹಾಲು ಹಚ್ಚಿ ನೆಕ್ಕಿಸಿ ಬದುಕಿಸಿದವಳೂ ಅವಳೇ.

ವಾರಕ್ಕೊಮ್ಮೆ ಅಕ್ಕರೆಯಿಂದ ಮೈ ತೊಳೆಯಲು ಹೋದರೆ ಮಾತ್ರ ಅರಳೆಗೆ ಜೀವ ಹೋದಂತೆ. ಬಕೆಟ್ಟಿನ ಸದ್ದಾದರೆ ಸಾಕು, ಬೀರುವಿನ ಹಿಂದೆ ಸೇರಿಬಿಡುತ್ತಿತ್ತು.

ಅಷ್ಟರಲ್ಲಿ ತಂಗಿ ಬಂದಳು. ಹಸುಗೂಸುಗಳ ವಾರ್ಡಿನಲ್ಲಿ ನರ್ಸು. ಹತ್ತು ದಿನದ ರಜೆ. ಬಂದ ದಿನವೇ ಖಾಲಿ ಟಬ್ಬಿನಲ್ಲಿ ಟವೆಲು ಹಾಸಿ, ಬಿಸ್ಕತ್ತಿನ ಚೂರಿಟ್ಟು ಪಕ್ಕದಲ್ಲಿ ಸುಮ್ಮನೆ ಕೂತಳು. ಮಾರನೆಯ ದಿನ ಒದ್ದೆ ಬಟ್ಟೆಯಿಂದ ಪಾದ ಒರೆಸಿದಳು. ಮೂರನೆಯ ದಿನ ಬೆರಳಿನ ಒಂದು ಗೆಣ್ಣಿನಷ್ಟು ನೀರು. ಐದನೆಯ ದಿನ ಅರಳೆ ತಾನಾಗಿಯೇ ಟಬ್ಬಿಗಿಳಿದು ತಂಗಿಯ ಕೊರಳಿಗೆ ಮೂತಿ ಒತ್ತಿ ನಿಂತಿತು.

ಬಾಗಿಲ ಸಂದಿಯಿಂದ ಅಕ್ಕನಿಗೆ ಕಂಡದ್ದು ತಂಗಿಯ ಬೆನ್ನು, ಅದರಾಚೆ ಅಲ್ಲಾಡುವ ಬಾಲ. ಮೊದಲಿನಿಂದಲೂ ಹೀಗೇ. ಅಮ್ಮನ ಮಡಿಲು, ಅಪ್ಪನ ಹೆಗಲು, ಕೊನೆಗೆ ಪಕ್ಕದ ಮನೆಯ ಬೆಕ್ಕೂ ತಂಗಿಯ ಪಾಲಿಗೇ. ಆ ದಿನ ಅವಳ ಇಸ್ತ್ರಿಯಲ್ಲಿ ಯಾರದೋ ಅಂಗಿಯ ತೋಳಿಗೆ ಎರಡೆರಡು ಗೆರೆ ಬಿದ್ದವು.

“ಅಕ್ಕಾ, ಭಾನುವಾರ ಹೋಗುವಾಗ ಇದನ್ನ ನಾನೇ ಕರ್ಕೊಂಡು ಹೋಗ್ಲಾ? ಸ್ನಾನ ಅಂದ್ರೆ ನಿನ್ನ ಕಂಡು ನಡುಗುತ್ತೆ, ಪಾಪ.”

“ಹೂಂ, ಹೋಗು. ಹಾಗೇ ಈ ಮನೆ ಬಾಗಿಲೂ ಕಿತ್ಕೊಂಡು ಹೋಗು!”

“ತಮಾಷೆಗೆ ಕೇಳಿದ್ದಲ್ಲ ಕಣಕ್ಕಾ.”

“ನಾಳೆ ನಾನು ಮಾಡಿಸ್ತೀನಿ ಸ್ನಾನ. ಓಡಿದ್ರೆ ನಿಂದು, ನಿಂತ್ರೆ ನಂದು. ಸರಿನಾ?”

ಬೆಳಗ್ಗೆ ಅಕ್ಕ ಚಾಚೂ ತಪ್ಪದೆ ಎಲ್ಲ ಹೊಂದಿಸಿದಳು. ಅದೇ ಟಬ್ಬು, ಅದೇ ಟವೆಲು, ಅದೇ ಬಿಸ್ಕತ್ತು. ತಂಗಿಯ ವಾಸನೆ ಇರಲೆಂದು ಅವಳ ಸ್ವೆಟರನ್ನೂ ಕದ್ದು ತೊಟ್ಟಳು. ನೀರಿಗೆ ಅಂಗೈ ಅದ್ದಿ ನೋಡಿದಳು: ಹದವಾಗಿ ಉಗುರುಬೆಚ್ಚಗಿತ್ತು. ಅರಳೆ ಸ್ವೆಟರು ಮೂಸಿ, ನಂಬಿ, ಒಂದು ಪಾದ ಇಟ್ಟಿತೋ ಇಲ್ಲವೋ, ಕುಂಯ್ ಎಂದು ಚಿಮ್ಮಿ ಬೀರುವಿನ ಹಿಂದೆ ಮಾಯವಾಯಿತು.

ಸದ್ದು ಕೇಳಿ ತಂಗಿ ಓಡಿಬಂದಳು. “ಅದು ನನ್ನ ಸ್ವೆಟರ್ ಅಲ್ವಾ?” ಎನ್ನುತ್ತಲೇ ನೀರಿಗೆ ಮೊಣಕೈ ಅದ್ದಿ, ಥಟ್ಟನೆ ಎಳೆದುಕೊಂಡಳು. “ಅಮ್ಮಾ! ಏನಕ್ಕಾ ಇಷ್ಟು ಬಿಸಿ?”

“ಬಿಸಿ ಎಲ್ಲಿದೆ? ಉಗುರುಬೆಚ್ಚಗಿದೆ ಕಣೇ.”

ತಂಗಿ ಅವಳ ಅಂಗೈ ತಿರುಗಿಸಿ ನೋಡಿದಳು. ಹದಿನೆಂಟು ವರ್ಷ ಹಬೆಯಾಡುವ ನೀರಿನಿಂದ ಬಟ್ಟೆ ಎತ್ತಿ ಎತ್ತಿ ಆ ಚರ್ಮ ಚಪ್ಪಲಿಯ ಅಟ್ಟೆಯಂತಾಗಿತ್ತು. “ಕೂಸುಗಳ ನೀರನ್ನ ನಾವು ಕೈಯಲ್ಲಿ ನೋಡಲ್ಲ. ಮೊಣಕೈ ಇಡು.”

ಅಕ್ಕ ತೋಳು ಮಡಚಿ ಇಟ್ಟಳು. ಚುರ್ರೆಂದಿತು.

“ಒಂದು ತಿಂಗಳಿಂದ ಬೇಯಿಸ್ತಿದ್ನಾ ಅದನ್ನ?” ಎಂದಳು. “ಓಡಿತಲ್ಲ. ನಿಂದೇ. ಕರ್ಕೊಂಡು ಹೋಗು.”

“ಭಾನುವಾರಕ್ಕೆ ಇನ್ನೂ ನಾಲ್ಕು ದಿನ ಇದೆ,” ಎಂದಳು ತಂಗಿ, ಟಬ್ಬಿಗೆ ತಣ್ಣೀರು ಸುರಿಯುತ್ತ.

ಆ ನಾಲ್ಕು ದಿನ ಅಕ್ಕ ಎಲ್ಲವನ್ನೂ ಮೊದಲಿನಿಂದ ಮಾಡಿದಳು: ಖಾಲಿ ಟಬ್ಬು, ಒದ್ದೆ ಬಟ್ಟೆ, ಒಂದು ಗೆಣ್ಣು ನೀರು, ಪ್ರತಿ ಸಲವೂ ಮೊಣಕೈ. ಭಾನುವಾರ ತಂಗಿ ಚೀಲ ಹಿಡಿದು ನಿಂತಾಗ ಅರಳೆ ನಾಲ್ಕೂ ಕಾಲು ನೀರಲ್ಲಿಟ್ಟು ಅಕ್ಕನನ್ನು ಗುಮಾನಿಯಿಂದ ನೋಡುತ್ತಿತ್ತು. ಓಡಲಿಲ್ಲ.

“ನಿಂದೇ ಬಿಡು,” ಎಂದು ನಕ್ಕು ತಂಗಿ ಹೊರಟಳು.

ಅವಳು ತಿರುವು ದಾಟಿದ ಮೇಲೂ ಅರಳೆ ಹೊಸಿಲಲ್ಲಿ ಕೂತು ಕುಂಯ್‌ಗುಟ್ಟಿತು. ಅಕ್ಕ ಕೇಳಿಸಿಕೊಂಡಳು. ತಂಗಿ ಮರೆತುಹೋದ ಸ್ವೆಟರನ್ನು ಎತ್ತಿಕೊಂಡು ಹೋಗಿ, ಅದರ ವಾಸನೆ ಪೂರ್ತಿ ಹೋಗುವವರೆಗೆ ಮೂರು ಸಲ ಒಗೆದು, ಒಣಗಿಸಿ, ಆಮೇಲಷ್ಟೇ ಅರಳೆಯ ಮೈ ಕೆಳಗೆ ಹಾಸಿದಳು.