ಉಮೇಶನ ಬಿಸಿ ಶೆಡ್ಡು

ಹಳದೀಪುರದಲ್ಲಿ ಚಳಿಗಾಲ ಅಂದರೆ ಜನ ಫ್ಯಾನನ್ನು ಐದರಿಂದ ಮೂರಕ್ಕೆ ಇಳಿಸುತ್ತಾರೆ, ಅಷ್ಟೇ. ಆದರೆ ಕೆನಡಾದವನೊಬ್ಬ ಗ್ಯಾರೇಜನ್ನು ಬೆಚ್ಚಗೆ ಮಾಡಿಕೊಂಡು ಕಸರತ್ತು ಮಾಡುವುದನ್ನು ಬ್ಯಾಂಕ್ ಕ್ಲರ್ಕ್ ಉಮೇಶ ಮೊಬೈಲಿನಲ್ಲಿ ನೋಡಿದ. ತನ್ನ ಕಾರ್ ಶೆಡ್ಡೂ ಹಾಗೇ ಆಗಬೇಕೆಂದು ಹಟ ಹಿಡಿದ.

"ಇಲ್ಲಿ ಎಂತ ಚಳಿ ನಿಮ್ಗೆ?" ಎಂದಳು ಹೆಂಡತಿ ಸುಚಿತಾ. ಅವಳು ಮೀನು ಮಾರುವವಳು. ಪೇಟೆಯಿಂದ ಬಂದವಳು ಬಾವಿಕಟ್ಟೆಯಲ್ಲಿ ಮಿಂದೇ ಒಳಗೆ ಬರಬೇಕು, ಅದು ಉಮೇಶನ ಕಾನೂನು. ನಾತ ಆಗುವುದಿಲ್ಲವಂತೆ, ದೊರೆಗೆ!

ಕಾವು ಹೊರಗೆ ಹೋಗದಂತೆ ಗೋಡೆಗೆ ಹೊಡೆಯಲು ಥರ್ಮಾಕೋಲ್ ಬೇಕಿತ್ತು. ಹಿತ್ತಲಲ್ಲಿ ಸುಚಿತಾ ಮೀನು ತುಂಬುತ್ತಿದ್ದ ಹಳೇ ಥರ್ಮಾಕೋಲ್ ಪೆಟ್ಟಿಗೆಗಳು ರಾಶಿ ಬಿದ್ದಿದ್ದವು. ಅವನ್ನೇ ತೊಳೆದು, ಒಡೆದು, ಒಂದು ಸಂದಿಯೂ ಉಳಿಯದಂತೆ ಅಂಟಿಸಿದ. ಭಾನುವಾರ ಬೆಳಿಗ್ಗೆ ಬಾಗಿಲು ಜಡಿದು, ಹೀಟರ್ ಹಾಕಿ, ಡಂಬೆಲ್ಸ್ ಎತ್ತತೊಡಗಿದ.

ಹತ್ತೇ ನಿಮಿಷ. ಮೂರು ವರ್ಷದ ಬಂಗಡೆ ಮೀನಿನ ನಾತವೆಲ್ಲ ಕಾವಿಗೆ ಎದ್ದು ಕೂತಿತು. ಬೆವರು ಸುರಿಸುತ್ತ ಹೊರಗೋಡಿ ಬಂದರೆ ಬಾಗಿಲಲ್ಲಿ ಊರಿನ ಬೆಕ್ಕುಗಳೆಲ್ಲ ಹಾಜರು. ಉಮೇಶ ಕೆಮ್ಮುತ್ತ ಜಗಲಿ ಹತ್ತಲು ಹೋದ.

ಸುಚಿತಾ ಅಡ್ಡ ನಿಂತು ಬಾವಿಕಟ್ಟೆಯತ್ತ ಕೈ ತೋರಿಸಿದಳು. "ಕೊಡದಲ್ಲಿ ತಣ್ಣೀರಿದೆ. ಮಿಂದ್ಕಂಡೇ ಒಳಗೆ ಬನ್ನಿ."