ಮಸೀದಿ ಕಟ್ಟೆಯ ಹಿಂದಿನ ಬಾವಿ

ಬಾವಿ ಇರಲಿಲ್ಲ. ಮುದ್ದೇಬಿಹಾಳದಲ್ಲಿ ಬಸ್ಸು ಹತ್ತಿದಾಗಿನಿಂದ ಮುತ್ತುರಾಜ ಇದನ್ನು ಮೂರನೆಯ ಸಲ ತನಗೇ ಹೇಳಿಕೊಂಡ. ಇನ್ನೊಬ್ಬರಿಗೆ ಹೇಳುವುದು ಅಷ್ಟು ಸುಲಭವಿರಲಿಲ್ಲ. ಇನ್ನೊಬ್ಬರೆಂದರೆ ವಾಟ್ಸಾಪ್ ಗುಂಪಿನ ಆರುನೂರ ಹನ್ನೆರಡು ಮಂದಿ.

ಅವನ ಊರು ಯಲಗಡ್ಡಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದಾಗ ಅವನಿಗೆ ಎರಡು ವರ್ಷ. ಜನ ಬಾಗಿಲ ಚೌಕಟ್ಟುಗಳನ್ನು ಕಿತ್ತು ಬಂಡಿಗೆ ಹೇರಿಕೊಂಡು ಹೊಸ ಊರಿಗೆ ಹೋದರಂತೆ. ಅವನ ಅಪ್ಪ ಹೊಸ ಊರಿಗೂ ಹೋಗದೆ ನಾಲತವಾಡದಲ್ಲಿ ಬಾಡಿಗೆ ಮನೆ ಹಿಡಿದ. ಹಳೆಯ ಊರಿನ ಮಾತು ಹೆಚ್ಚು ಆಡದೆ ಸತ್ತ. ಈಗ ಮುತ್ತುರಾಜ ಮುದ್ದೇಬಿಹಾಳದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಅತಿಥಿ ಎಂಬ ಪದದ ಬಗ್ಗೆ ಅವನಿಗೆ ತಕರಾರಿರಲಿಲ್ಲ.

ಎರಡು ವರ್ಷದ ಹಿಂದೆ ವಾಟ್ಸಾಪಿನಲ್ಲಿ ‘ನಮ್ಮ ಯಲಗಡ್ಡಿ’ ಎಂಬ ಗುಂಪು ಮಾಡಿದ. ತನಗೆ ಗೊತ್ತಿದ್ದ ಎರಡು ಓಣಿಗಳ ಹೆಸರು ಬರೆದ. ನಾಲ್ಕು ಹೆಬ್ಬೆರಳು ಬಂದವು. ಮರುದಿನ, ಮಸೀದಿ ಕಟ್ಟೆಯ ಹಿಂದೆ ಸಿಹಿನೀರಿನ ಬಾವಿಯೊಂದಿತ್ತು ಎಂದು ಬರೆದ. ಊರೆಂದ ಮೇಲೆ ಬಾವಿ ಇರಬೇಕು ಅನ್ನಿಸಿತ್ತು, ಅಷ್ಟೆ.

ತೊಂಬತ್ತು ಉತ್ತರ ಬಂದವು. ರತ್ನಾಗಿರಿಯಲ್ಲಿ ಮನೆ ಕಟ್ಟುವ ಗೌಂಡಿ ಕೆಲಸ ಮಾಡುವವನೊಬ್ಬ ಅದರಲ್ಲಿ ಈಜು ಕಲಿತಿದ್ದ. ಪುಣೆಯ ಹೆಂಗಸು ಅದಕ್ಕೆ ಹನ್ನೊಂದು ಮೆಟ್ಟಿಲು ಎಂದಳು. ಯಾರೋ ಹದಿಮೂರು ಎಂದು ಜಗಳ ತೆಗೆದರು. ಮುತ್ತುರಾಜ ನಡುವೆ ಬಂದು ಹನ್ನೆರಡು ಮಾಡಿದ. ಆ ದಿನ ಅವನಿಗೆ ಒಳ್ಳೆಯ ನಿದ್ದೆ ಬಂದಿತ್ತು.

ಈ ಮೇ ತಿಂಗಳಲ್ಲಿ ಹಿನ್ನೀರು ಹಿಂದೆಂದೂ ಇಲ್ಲದಷ್ಟು ಇಳಿಯಿತು. ಊರಿನ ಬುನಾದಿ ಕಾಣುತ್ತಿದೆ ಎಂದು ಯಾರೋ ಫೋಟೋ ಹಾಕಿದರು. ಬಾವಿ ಹುಡುಕಿ ಗಂಗಾಪೂಜೆ ಮಾಡೋಣ ಎಂದು ಇನ್ನಾರೋ ಬರೆದರು. ಅಡ್ಮಿನ್ ಬರದಿದ್ದರೆ ಹೇಗೆ?

ಕ್ರಾಸಿನಲ್ಲಿ ಇಳಿದಾಗ ಗೊಳಸಂಗಿಯಲ್ಲಿ ಟಂಟಂ ಆಟೊ ಓಡಿಸುವ, ಗುಂಪಿನವನೇ ಆದ ಪರಶು ಕಾಯುತ್ತಿದ್ದ. ಸೀಟಿನ ಮೇಲೆ ತೆಂಗಿನಕಾಯಿ, ಹಸಿರು ಕುಪ್ಪಸದ ಖಣ, ನೀರಿನ ಬಾಟಲಿಗಳ ಪೊಟ್ಟಣ.

“ನೀವಾ ಅಡ್ಮಿನ್ನು? ನಿಮ್ಮ ಬರವಣಿಗಿ ನೋಡಿ ಎಪ್ಪತ್ತ ವರ್ಷದ ಮುದುಕಪ್ಪ ಅಂದ್ಕೊಂಡಿದ್ದೆ ನೋಡ್ರಿ.”

“ಇಲ್ರಿ.”

“ಹಂಗಾದ್ರ ಬಾವಿ ಯಾವಾಗ ನೋಡಿದ್ರಿ?”

“ಮನ್ಯಾಗ ಹೇಳ್ತಿದ್ರು.”

ಪರಶು ನಕ್ಕ. “ನಮ್ಮ ಮನ್ಯಾಗೂ ಹೇಳಾಕ ಹತ್ಯಾರ ಈಗ. ನೀವು ಬರದ ಮ್ಯಾಲೆ.”

ಊರಿದ್ದ ಜಾಗದಲ್ಲಿ, ಬಿರುಕು ಬಿಟ್ಟ ಕಪ್ಪು ಮಣ್ಣಿನ ಮೇಲೆ ನಲವತ್ತು ಜನ ನಿಂತಿದ್ದರು. ಡಿಪಿಗಳಲ್ಲಿ ಮಾತ್ರ ಪರಿಚಿತರಾದವರು ಒಬ್ಬರನ್ನೊಬ್ಬರು ಸ್ವಲ್ಪ ಅನುಮಾನದಿಂದ ನೋಡುತ್ತಿದ್ದರು. ದೂರದಲ್ಲಿ ತಗಡಿನಂತೆ ಹೊಳೆಯುವ ನೀರು. ಯಾರಿಗೂ ತಮ್ಮ ಮನೆ ಯಾವುದೆಂದು ತಿಳಿಯುತ್ತಿರಲಿಲ್ಲ.

ತಿಳಿದದ್ದು ದಾವಲಬಿಗೆ. ಎಂಬತ್ತು ದಾಟಿದ ಮುದುಕಿ, ಮೊಮ್ಮಗಳು ಫರಹತಳ ಕೈ ಹಿಡಿದು ಬಂದವಳು, ಬುನಾದಿ ಕಂಡದ್ದೇ ಕೈ ಬಿಡಿಸಿಕೊಂಡು ನಡೆದಳು. “ಇದು ಗೈಬುಸಾಬನ ಹೊಸ್ತಿಲ. ಇದು ರೇವವ್ವನ ದನದ ಕೊಟಗಿ. ಏ, ಅಲ್ಲಿ ಚಪ್ಪಲಿಗಾಲ ಇಡಬ್ಯಾಡೋ ಹುಚಪ್ಯಾಲಿ, ಅದು ಅವರ ಒಲಿ!” ಜೀನ್ಸ್ ತೊಟ್ಟ ಹುಡುಗ ಬೆಚ್ಚಿ ಕಾಲೆತ್ತಿದ. ಅವನ ಕಾಲಡಿ ಬರೀ ಮಣ್ಣಿತ್ತು.

ಅವಳು ಮುತ್ತುರಾಜನ ಮುಂದೆ ನಿಂತಳು. “ನೀ ಯಾರ ಪೈಕಿ?”

“ಚಂದ್ರಾಮನ ಮಗ.”

“ಯಾವ ಚಂದ್ರಾಮ? ಕುಂಟ ಚಂದ್ರಾಮನೋ, ಹಾಡಕಿ ಚಂದ್ರಾಮನೋ?”

ಅಪ್ಪ ಕುಂಟುತ್ತಿರಲಿಲ್ಲ. ಹಾಡಿದ್ದನ್ನೂ ಅವನು ಕೇಳಿರಲಿಲ್ಲ.

“ಹಾಡಕಿ,” ಎಂದ.

“ಛಲೋ ಹಾಡತಿದ್ದ. ಆಮ್ಯಾಲೆ?”

“ಬಿಟ್ಟಬಿಟ್ರು.”

ಅವಳು ತಲೆಯಾಡಿಸಿದಳು. ಮುತ್ತುರಾಜನಿಗೆ ಕ್ಷಣಕಾಲ ತಂದೆಯೊಬ್ಬ ಸಿಕ್ಕಂತಾಯಿತು. ಅವನೂ ಬಾವಿಯಂಥವನೇ ಇರಬಹುದು.

“ಸಿಕ್ತ್ರೆಪೋ!” ಪರಶು ಕೂಗಿದ.

ಮಸೀದಿಯ ಕಟ್ಟೆಯ ಹಿಂದೆ ಎದೆಮಟ್ಟದ ಗುಂಡಿಯೊಂದಿತ್ತು. ಇಟ್ಟಂಗಿ ಭಟ್ಟಿಗೆ ಮಣ್ಣು ಒಯ್ಯುವವರು ಪ್ರತಿ ಬೇಸಿಗೆ ನೀರು ಇಳಿದ ಕಡೆಯೆಲ್ಲ ತೋಡುವಂಥದು. ಅಂಚಿನಲ್ಲಿ ಟ್ರ್ಯಾಕ್ಟರ್ ಗಾಲಿಯ ಗುರುತು ಇನ್ನೂ ಹಸಿಯಾಗಿತ್ತು. ಎಲ್ಲರೂ ಅದನ್ನು ತುಳಿದುಕೊಂಡೇ ಗುಂಡಿಯ ಸುತ್ತ ನೆರೆದರು. ಒಬ್ಬ ಮೆಟ್ಟಿಲು ಎಣಿಸತೊಡಗಿದ.

ದಾವಲಬಿ ಇಣುಕಿ ನೋಡಿದಳು. “ಇದೇನು?”

“ಬಾವಿರಿ ಅಮ್ಮಾ. ಮಸೂತಿ ಬಾವಿ,” ಎಂದ ಪರಶು.

“ಯಾವ ಬಾವಿ? ಈ ಊರಾಗ ಬಾವಿನ ಇದ್ದಿಲ್ಲ. ಹೊಳಿ ನೀರ ಕುಡದವರು ನಾವು.” ಅವಳು ಎಡಕ್ಕೆ, ತನ್ನ ಹೊಸ್ತಿಲ ಕಲ್ಲಿದ್ದ ಕಡೆ ಕೈ ಮಾಡಿದಳು. “ನಮ್ಮ ಬಾಗಲಾ ಅದು. ಇಲ್ಲಿ ಬಾವಿ ಇದ್ದಿದ್ರ ನನ್ನ ಮಗಳು ಮಾಬುಬಿ ಹೊಳಿಗಿ ಯಾಕ ಹೋಗತಿದ್ಲು? ಹದಿನಾಕ ವರ್ಷದಾಕಿ. ಕೊಡ ತೇಲಿ ಬಂತು. ಆಕಿ ಬರಲಿಲ್ಲ.”

ರತ್ನಾಗಿರಿಯಿಂದ ಬಂದ ಗೌಂಡಿ ತನ್ನ ಕೈಗಳನ್ನು ನೋಡಿಕೊಂಡ.

“ವಯಸ್ಸಾತಲ್ರಿ, ಮರತಿರಬೇಕು,” ಎಂದ ಪರಶು ಮೆಲ್ಲಗೆ. “ಆರನೂರ ಮಂದಿಗೆ ನೆನಪೈತಿ ಅಂದ್ರ ಸುಳ್ಳಾಗತೈತೇನ್ರಿ? ಫರಹತ, ಓದಿ ಹೇಳವ್ವಾ.”

ಫರಹತ ಮೊಬೈಲು ತೆಗೆದು ಮುತ್ತುರಾಜ ಬರೆದದ್ದನ್ನು ಓದಿದಳು. ಚೆನ್ನಾಗಿ ಓದುತ್ತಿದ್ದಳು. ಕಲ್ಲಿನ ಕಟ್ಟೆ, ಹಗ್ಗ ಉಜ್ಜಿದ ಗೀರು, ಬೇವಿನ ನೆರಳು. ಊರು ಬಿಡಬೇಕೆಂಬ ನೋಟೀಸನ್ನೂ ಹಿಂದೊಮ್ಮೆ ಯಾರೋ ಹೀಗೆಯೇ ಓದಿ ಹೇಳಿರಬೇಕು; ದಾವಲಬಿ ಅದೇ ಮುಖದಲ್ಲಿ ಕೇಳಿದಳು.

“ಯಾರು ಬರದಿದ್ದು?”

ಎಲ್ಲರೂ ಅವನ ಕಡೆ ನೋಡಿದರು.

“ನೀನೇನೋ, ಹಾಡಕಿ ಚಂದ್ರಾಮನ ಮಗಾ? ಖರೇ ಹೇಳು. ಬಾವಿ ಇತ್ತಾ?”

ಪುಣೆಯ ಹೆಂಗಸು ವಿಡಿಯೋ ಮಾಡುತ್ತಿದ್ದಳು. ಒಂದೇ ಪದ ಸಾಕಿತ್ತು. ಆ ಪದ ಆಡಿದರೆ ಸಂಜೆಯೊಳಗೆ ತಾನು ಮತ್ತೆ ಯಾವ ಊರಿನವನೂ ಅಲ್ಲ ಎಂದು ಮುತ್ತುರಾಜನಿಗೆ ತಿಳಿದಿತ್ತು. ಅದು ಅಂಥ ದೊಡ್ಡ ನಷ್ಟವಲ್ಲ ಎಂಬುದೂ ತಿಳಿದಿತ್ತು.

“ಮಂದಿ ಹೇಳ್ತಾರ್ರಿ,” ಎಂದ.

“ಕೇಳಿದ್ರಿಲ್ಲೋ!” ಎಂದು ಪರಶು ಬಾಟಲಿಯ ಮುಚ್ಚಳ ತಿರುವಿದ. “ನೀರ ಕಾಣಬೇಕ್ರಿ ಫೋಟೋದಾಗ. ಸುರೀರಿ ಎಲ್ಲಾರೂ.”

ಹನ್ನೆರಡು ಬಾಟಲಿ ಸುರಿದರು. ಗುಂಡಿಯ ತಳದಲ್ಲಿ ಹಿಟ್ಟು ನಾದುವ ಪರಾತದಷ್ಟು ಅಗಲ ನೀರು ನಿಂತಿತು. ಖಣ ಇಟ್ಟರು, ಅರಿಸಿನ ಎರಚಿದರು, ಕಾಯಿ ಒಡೆದರು. ಫೋಟೋ ಮುಗಿಯುವ ಮೊದಲೇ ಮುತ್ತುರಾಜನ ಜೇಬಿನಲ್ಲಿ ಮೊಬೈಲು ನಡುಗತೊಡಗಿತು. ಬರದಿದ್ದವರೆಲ್ಲ ದೂರದೂರದಿಂದ ಕೈ ಮುಗಿಯುತ್ತಿದ್ದರು. ‘ಅಣ್ಣಾ, ಕಣ್ಣಾಗ ನೀರ ಬಂತು’ ಎಂದು ಒಬ್ಬ ಬರೆದಿದ್ದ.

ಜನ ಬುತ್ತಿ ಬಿಚ್ಚಲು ಟಂಟಂ ನೆರಳಿಗೆ ಹೋದರು. ದಾವಲಬಿ ಹೋಗಲಿಲ್ಲ. ತನ್ನ ಹೊಸ್ತಿಲ ಕಲ್ಲಿನ ಮೇಲೆ ನಿಂತಿದ್ದಳು. ಅಲ್ಲಿಂದ ಇಳಿದು, ಒಂದು, ಎರಡು, ಎಂದು ಹೆಜ್ಜೆ ಎಣಿಸುತ್ತ ಗುಂಡಿಯವರೆಗೆ ಬಂದಳು.

“ಮೂವತ್ತೊಂದು,” ಎಂದಳು ಅವನಿಗೆ. “ಬಾವಿ ಇಷ್ಟ ಸನೇಕ ಇತ್ತೇನೋ ಯಪ್ಪಾ? ನಾನ ಆಕಿನ್ನ ಹೊಳಿಗಿ ಕಳಿಸಿದ್ನೆಲ್ಲೋ.”

ಅವನು ಬಾಯಿ ತೆರೆದ. ಜೇಬು ನಡುಗಿತು.

ಅವಳು ಹಿಂದಿರುಗಿ ಹೊಸ್ತಿಲಿಗೆ ಹೋದಳು. ಸರಿಯಾಗಿ ಎಣಿಸಲಿಲ್ಲವೇನೋ ಎಂಬಂತೆ ಮತ್ತೆ ಮೊದಲಿನಿಂದ ಶುರುಮಾಡಿದಳು. ಅಷ್ಟರಲ್ಲಿ ಗುಂಡಿಯ ತಳ ನೀರನ್ನೆಲ್ಲ ಕುಡಿದು ಒಣಗಿತ್ತು. ಖಣವನ್ನು ಗಾಳಿ ಎತ್ತಿ ಒಯ್ದಿತ್ತು. ಈ ಸಲ ದಾವಲಬಿ ಗುಂಡಿಯ ಅಂಚಿನಲ್ಲಿ ನಿಲ್ಲಲಿಲ್ಲ. ಮೂವತ್ತೆರಡು, ಮೂವತ್ಮೂರು, ಎನ್ನುತ್ತ ಅದರ ಪಕ್ಕದಿಂದಲೇ ಹಾದು, ತಗಡಿನಂತೆ ಹೊಳೆಯುವ ನೀರಿನ ಕಡೆ ಎಣಿಸುತ್ತ ನಡೆದಳು.